ಬೇರೆಯವರ ಬದುಕು ಓದಿದಾಗ ಹುರುಪು ಬರುತ್ತದೆ, ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಕಪನೂರಿನ ಲೆಕ್ಕದಕ್ಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ ರೀ. ಕಪನೂರಿನ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 34. ಬಿ.ಕಾಂ ಎರಡನೇ ವರ್ಷಕ್ಕೆ ಬಿಟ್ಟವಳು. ಅದನ್ನು ಮುಗಿಸಲೇಬೇಕು ಅಂತ ಈಗ ಮುಕ್ತ ವಿಶ್ವವಿದ್ಯಾಲಯಕ್ಕೆ ಹೆಸರು ಹಚ್ಚಿದ್ದೇನೆ. ದಿನಕ್ಕೆ ಒಂದು ತಾಸು ಓದಿದರೆ ಸಾಕು. ಆ ಒಂದು ತಾಸೇ ಸಿಗುತ್ತಿಲ್ಲ.

ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲ್ ಹಿಡಿಯುತ್ತೇನೆ. ತಮ್ಮನ್ನು ತಾವು ತಿದ್ದಿಕೊಂಡವರು ಬರೆದದ್ದು ಅಂದರೆ ನನಗೆ ಬಹಳ ಇಷ್ಟ. ಸಾಲ ತೀರಿಸಿದವರು, ಸಿಟ್ಟು ಬಿಟ್ಟವರು, ನಲವತ್ತಕ್ಕೆ ಮತ್ತೆ ಪುಸ್ತಕ ಹಿಡಿದವರು. ಮನಸ್ಸಿಗೆ ನಾಟಿದ ಸಾಲುಗಳನ್ನು ಒಂದು ಹಳೆಯ ಕಿರ್ದಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದಿಡುತ್ತೇನೆ. ಈಗ 63 ಪುಟ ಆಗಿದೆ.

ಹೋದ ತಿಂಗಳು ಬೆಂಗಳೂರಿನ ಒಬ್ಬರದು ಓದಿದೆ. ಬೆಳಗ್ಗೆ ಐದಕ್ಕೆ ಏಳುತ್ತಾರಂತೆ. ಅರ್ಧ ತಾಸು ಸುಮ್ನೆ ಕೂರುತ್ತಾರೆ, ಮೂರು ಪುಟ ಬರೆಯುತ್ತಾರೆ, ಆಮೇಲೆ ಓಡಲು ಹೋಗುತ್ತಾರೆ. ಓದುತ್ತಿದ್ದಂತೆ ಮೈ ಜುಮ್ ಅಂದಿತು. ಆಗಲೇ ಅಲಾರಂ ಇಟ್ಟೆ. ಎದ್ದೆ ಕೂಡ. ಆದರೆ ನಮ್ಮ ಓಣಿಗೆ ನಳ ಬರುವುದೇ ಐದಕ್ಕೆ, ಅದೂ ಮೂರು ದಿನಕ್ಕೊಮ್ಮೆ. ಕೊಡ, ಬಕೆಟ್, ಡ್ರಮ್ಮು ತುಂಬುವಷ್ಟರಲ್ಲಿ ಆರು. ಆರಕ್ಕೆ ಹಂಚು ಇಡಬೇಕು. ಐದು ಜನರ ಬುತ್ತಿಗೆ, ಮನೆಗೆ ಅಂತ ಹದಿನೆಂಟು ರೊಟ್ಟಿ. ನಾಲ್ಕನೇ ದಿನ ರೊಟ್ಟಿ ಬಡಿಯುತ್ತಲೇ ನಡುನಡುವೆ ಬರೆಯೋಣ ಅಂತ ಪುಸ್ತಕ ತೆರೆದೆ. ಕೈಯಲ್ಲಿದ್ದ ಜೋಳದ ಹಿಟ್ಟು ಹಾಳೆಗೆ ಅಂಟಿತು. ಹಂಚಿನ ಮೇಲಿನದು ಹೊತ್ತಿತು. ಅಲ್ಲೇ ಕೂತು ಅತ್ತುಬಿಟ್ಟೆ.

ಐದನೇ ದಿನ ಅಲಾರಂ ತೆಗೆದೆ. ಅದಕ್ಕೆ ಅಷ್ಟು ಬೇಜಾರಿಲ್ಲ. ‘ಅವರಿಗೆಲ್ಲ ಆಗುತ್ತದೆ, ನನಗೇ ಆಗುವುದಿಲ್ಲ’ ಅನ್ನುವ ಮಾತು ಒಳಗೆ ಕೂತುಬಿಟ್ಟಿದೆ, ಅದಕ್ಕೆ ಬೇಜಾರು. ಹಾಗಂತ ಓದುವುದು ಬಿಡಲು ಮನಸ್ಸಿಲ್ಲ. ಕಾಲೇಜಿಗೆ ಮತ್ತೆ ಹೆಸರು ಹಚ್ಚುವ ಧೈರ್ಯ ಬಂದಿದ್ದೂ ಅಂಥದೇ ಒಂದು ಬರಹ ಓದಿ. ನೀವು ಬೇರೆಯವರ ಅನುಭವದಿಂದ ಏನು ತೆಗೆದುಕೊಳ್ಳುತ್ತೀರಿ, ಏನು ಬಿಡುತ್ತೀರಿ? ಡಿಸೆಂಬರ್‌ಗೆ ಹೊಸ ತೊಗರಿ ಬರಲು ಶುರುವಾದರೆ ಮಿಲ್‌ನಲ್ಲಿ ತಲೆ ಎತ್ತಲು ಆಗುವುದಿಲ್ಲ. ಅಷ್ಟರೊಳಗೆ ಒಂದು ದಾರಿ ಮಾಡಿಕೊಳ್ಳಬೇಕು.

ಸಿಸ್ಟರ್, ಯಾದಗಿರಿ

ಅಕ್ಕಾ, ನಾನು ಸ್ಟಾಫ್ ನರ್ಸ್. ತಿಂಗಳಿಗೆ ಹತ್ತು ದಿನ ನೈಟ್ ಡ್ಯೂಟಿ. ಇಂಥ ಬರಹ ಓದುವಾಗ ನಾನು ಮೊದಲು ಹುಡುಕುವುದು ಒಂದನ್ನೇ. ಆ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ? ಮಗುವಿಗೆ ಜ್ವರ ಬಂದರೆ ರಜೆ ಹಾಕುವವರು ಯಾರು? ಅದು ಎಲ್ಲೂ ಇಲ್ಲ ಅಂದರೆ ಅವರ ಟೈಮ್‌ಟೇಬಲ್ ನನಗೆ ಬೇಡ. ಅವರು ಸುಳ್ಳು ಬರೆದಿದ್ದಾರೆ ಅಂತಲ್ಲ. ಅವರ ಬೆಳಗು ಬೇರೆ, ನಮ್ಮದು ಬೇರೆ.

ನನಗೆ ಕೆಲಸಕ್ಕೆ ಬಂದಿದ್ದು ಒಬ್ಬ ಬಸ್ ಕಂಡಕ್ಟರ್ ಬರೆದ ನಾಲ್ಕು ಸಾಲು. ಒಂದು ಟ್ರಿಪ್ಪಿಗೂ ಇನ್ನೊಂದಕ್ಕೂ ನಡುವೆ ಸಿಗುವ ಇಪ್ಪತ್ತು ನಿಮಿಷದಲ್ಲಿ ಓದುತ್ತಿದ್ದರಂತೆ. ಇಡೀ ಪುಸ್ತಕ ಅಲ್ಲ, ಜೇಬಿನಲ್ಲಿ ಒಂದೇ ಹಾಳೆ. ನಾನೂ ಯೂನಿಫಾರ್ಮ್ ಜೇಬಿನಲ್ಲಿ ಒಂದು ಹಾಳೆ ಇಡುತ್ತೇನೆ. ರಾತ್ರಿ ಮೂರರ ಹೊತ್ತಿಗೆ ವಾರ್ಡ್ ಸ್ವಲ್ಪ ತಣ್ಣಗಾಗುತ್ತದೆ. ಆಗ ತೆಗೆಯುತ್ತೇನೆ. ಎಷ್ಟೋ ರಾತ್ರಿ ತೆಗೆಯಲು ಆಗುವುದೇ ಇಲ್ಲ. ಹಾಳೆ ಜೇಬಿನಲ್ಲೇ ಇರುತ್ತದೆ, ಮರುದಿನಕ್ಕೆ ಅದೇ.

ಬಿದ್ರಿ ಕೆಲಸದವ, ಬೀದರ್

ಅಕ್ಕಾ, ನಕಲು ಮಾಡಿದ್ದಕ್ಕೆ ಬೇಜಾರಾಗಬೇಡಿ. ಲೋಹದ ಪಾತ್ರೆಗೆ ಬೆಳ್ಳಿ ತಂತಿ ಕೂರಿಸುವ ಈ ಕೆಲಸ ನಾವು ಕಲಿತಿದ್ದೇ ನಕಲು ಮಾಡಿ. ಉಸ್ತಾದರ ಹತ್ತಿರ ಸೇರಿದಾಗ ಮೊದಲ ವರ್ಷ ಪೂರ್ತಿ ಒಂದೇ ಬಳ್ಳಿ ಕೆತ್ತಿದ್ದೇನೆ. ಆದರೆ ಅವರ ಪಕ್ಕದಲ್ಲಿ ಕೂತು ಕೆತ್ತಿದೆ. ಉಳಿ ಎಷ್ಟು ಓರೆ ಹಿಡಿಯುತ್ತಾರೆ, ಬೆಳ್ಳಿ ತಂತಿ ಗೀರಿನಲ್ಲಿ ಕೂರದೆ ಎದ್ದರೆ ಏನು ಮಾಡುತ್ತಾರೆ, ಎಲ್ಲ ಕಣ್ಣಿಂದ ಕಂಡೆ. ಬರಹದಲ್ಲಿ ತಯಾರಾದ ಹೂದಾನಿ ಕಾಣುತ್ತದೆ. ಎದ್ದ ತಂತಿ ಕಾಣುವುದಿಲ್ಲ.

ಇನ್ನೊಂದು ಮಾತು. ನಮ್ಮ ಹೂಬಳ್ಳಿಗಳ ಮೂಲ ಇರಾನ್ ಕಡೆಯದು ಅನ್ನುತ್ತಾರೆ. ಆದರೆ ಪಾತ್ರೆಯ ಸತುವು-ತಾಮ್ರ ಕಪ್ಪಾಗಬೇಕು, ಬೆಳ್ಳಿ ಬಿಳಿಯಾಗೇ ಉಳಿಯಬೇಕು ಅಂದರೆ ಬೀದರ್ ಕೋಟೆಯ ಹಳೇ ಮಣ್ಣನ್ನೇ ನವಸಾಗರ ಅನ್ನುವ ಉಪ್ಪಿನ ಜೊತೆ ಕಲಸಿ ಹಚ್ಚುತ್ತೇವೆ. ಒಮ್ಮೆ ಬೇರೆ ಕಡೆಯ ಮಣ್ಣು ಹಚ್ಚಿ ನೋಡಿದ್ದೆ. ಬೂದು ಬಣ್ಣ ಬಂತು, ಆ ಕಪ್ಪು ಬರಲಿಲ್ಲ. ಬಳ್ಳಿ ಬೆಂಗಳೂರಿನಿಂದ ತನ್ನಿ, ತಪ್ಪಿಲ್ಲ. ಮಣ್ಣು ನಿಮ್ಮ ಮನೆಯದೇ ಬೇಕು. ನಿಮ್ಮ ಹಾಗೇ ಕೆಲಸ ಮಾಡುತ್ತಾ ಓದುವವರು ಕ್ಲಾಸಿಗೆ ಬರುತ್ತಾರೆ ಅಲ್ವಾ? ಅವರಲ್ಲಿ ಒಬ್ಬರ ಪಕ್ಕದಲ್ಲಿ ಕೂತು ನೋಡಿ.

ನಿವೃತ್ತ ಮಾಸ್ತರ, ಶಹಾಪುರ

ತಾಯೀ, ಬೀದರಿನ ತಮ್ಮ ಹೇಳಿದ ಎದ್ದ ತಂತಿಯನ್ನೂ ತೋರಿಸಿದವರು ಇದ್ದಾರೆ. ನಾನು 30 ವರ್ಷ ಮಕ್ಕಳಿಗೆ ಹೇಳುತ್ತಾ ಬಂದಿದ್ದು ಅಮೆರಿಕದ ಮುತ್ಸದ್ದಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಚಿಕ್ಕ ಪುಸ್ತಕದ ವಿಷಯ. ತಿದ್ದಿಕೊಳ್ಳಬೇಕಾದ 13 ಗುಣಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೆ ಒಂದು ಪುಟ ಇಟ್ಟಿದ್ದರು. ವಾರದ ಏಳು ದಿನಕ್ಕೆ ಏಳು ಮನೆ. ತಪ್ಪಿದ ದಿನ ಒಂದು ಕಪ್ಪು ಚುಕ್ಕೆ. ವಾರಕ್ಕೆ ಒಂದು ಗುಣದ ಮೇಲೆ ಮಾತ್ರ ಪೂರ್ತಿ ಗಮನ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ಹಳೇ ಚುಕ್ಕೆ ಕೆರೆದು ಕೆರೆದು ಹಾಳೆಗಳೇ ತೂತಾದವು. ಆಮೇಲೆ ದಂತದ ಹಾಳೆಗಳ ಮೇಲೆ ಮನೆ ಬರೆದುಕೊಂಡು, ಪೆನ್ಸಿಲ್ ಚುಕ್ಕೆಯನ್ನು ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದರು. ವಸ್ತುಗಳನ್ನು ಅವುಗಳ ಜಾಗದಲ್ಲಿಡುವ, ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಮಾಡುವ ಶಿಸ್ತು ಮಾತ್ರ ಕೊನೆಯವರೆಗೂ ಬರಲಿಲ್ಲ ಅಂತ ಅವರೇ ಬರೆದಿದ್ದಾರೆ. ಸುತ್ತುಗಳು ವರ್ಷಕ್ಕೆ ಒಂದಾದವು, ಆಮೇಲೆ ಹಲವು ವರ್ಷಕ್ಕೆ ಒಂದು, ಕೊನೆಗೆ ನಿಂತೇಹೋದವು. ಆದರೂ ಆ ಪುಸ್ತಕ ಸದಾ ಜೊತೆಗಿರುತ್ತಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಬೇರೆ. ಅವರ ಪಟ್ಟಿಯಲ್ಲಿ ಮೊದಲು ಇದ್ದದ್ದು 12. ನಿನಗೆ ಜಂಭ ಜಾಸ್ತಿ ಅಂತ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಸ್ನೇಹಿತರೊಬ್ಬರು ಮುಖಕ್ಕೇ ಹೇಳಿದರು. ಆಗ ವಿನಯ ಹದಿಮೂರನೆಯದಾಗಿ ಸೇರಿತು. ನಿಮ್ಮ 63 ಪುಟದಲ್ಲಿ ನಿಮ್ಮನ್ನು ಬಲ್ಲವರು ಹೇಳಿದ ಮಾತು ಎಷ್ಟಿದೆ ತಾಯೀ? ಅವನ್ನೂ ಬರೆದಿಡಿ.

ಮನಃಶಾಸ್ತ್ರ ವಿದ್ಯಾರ್ಥಿ, ಕಲಬುರಗಿ

ಅಕ್ಕಾ, ‘ನನಗೇ ಆಗುವುದಿಲ್ಲ’ ಅನ್ನಿಸುವುದು ನಿಮ್ಮ ಕೊರತೆ ಅಲ್ಲ. ಇದರ ಮೇಲೆ ಲಾಕ್‌ವುಡ್ ಮತ್ತು ಕುಂದಾ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅದೂ ಅಕೌಂಟಿಂಗ್ ವಿದ್ಯಾರ್ಥಿಗಳ ಮೇಲೆ. ನಾಲ್ಕನೇ ವರ್ಷದ ಒಬ್ಬ ಅಪ್ರತಿಮ ವಿದ್ಯಾರ್ಥಿಯ ಬಗ್ಗೆ ಬರೆದದ್ದನ್ನು ಓದಲು ಕೊಟ್ಟರು. ಮೊದಲ ವರ್ಷದವರಿಗೆ ಹುರುಪು ಬಂತು, ಮುಂದೆ ನಾವೂ ಹಾಗಾಗಬಹುದು ಅನ್ನಿಸಿತು. ನಾಲ್ಕನೇ ವರ್ಷದವರಿಗೆ ಹಾಗಾಗಲಿಲ್ಲ. ಅವರಿಗೆ ಸಮಯ ಉಳಿದಿರಲಿಲ್ಲ. ಬರಹ ಒಂದೇ, ಓದಿದವರು ನಿಂತ ಜಾಗ ಬೇರೆ.

ಇನ್ನು ನಿಮ್ಮ ಅಲಾರಂನ ನಾಲ್ಕು ದಿನದ ಮಾತು. 96 ಜನರ ಮೇಲೆ ಲಂಡನ್‌ನಲ್ಲಿ ನಡೆದ ಅಧ್ಯಯನದಲ್ಲಿ ಒಂದು ಅಭ್ಯಾಸ ತಾನಾಗಿ ಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ಸಾಕು, ಕೆಲವರಿಗೆ 254ರವರೆಗೂ ಬೇಕಾಗಬಹುದು ಅಂತ ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟ ಏನೂ ಆಗಲಿಲ್ಲ.

ಕಪನೂರಿನ ಲೆಕ್ಕದಕ್ಕ, ಕಲಬುರಗಿ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಮೊಬೈಲ್ ಬದಿಗಿಟ್ಟು ಆ 63 ಪುಟ ತಿರುವಿದೆ. ರೊಟ್ಟಿ ಬಡಿಯುವವರು, ನೀರು ತುಂಬುವವರು ಬರೆದದ್ದು ಯಾವುದು ಅಂತ ಹುಡುಕಿದೆ. ಮೂರು ಪುಟ ಸಿಕ್ಕಿತು. ಮಾಸ್ತರರೇ, ನೀವು ಕೇಳಿದ ಮಾತು ಒಂದೂ ಇರಲಿಲ್ಲ. ಅತ್ತೆಯವರನ್ನು ಕೇಳಿದೆ. ‘ನೀನು ಎಲ್ಲ ಕೆಲಸ ನಿನ್ನ ಕೈಯಲ್ಲೇ ಆಗಬೇಕು ಅಂತಿ, ಒಬ್ಬರಿಗೂ ಬಿಡುವುದಿಲ್ಲ’ ಅಂದರು. ಅದನ್ನೂ ಬರೆದೆ. ಇವತ್ತು ನಳದ ನೀರು ಮಗ ತುಂಬಿದ.

ಮಿಲ್‌ನಲ್ಲಿ ಮಧ್ಯಾಹ್ನ ಮಷೀನ್ ನಲವತ್ತು ನಿಮಿಷ ನಿಲ್ಲುತ್ತದೆ. ಊಟ ಹದಿನೈದು ನಿಮಿಷದ್ದು. ಉಳಿದದ್ದು ಇಷ್ಟು ದಿನ ಲೆಕ್ಕಕ್ಕೇ ಬಂದಿರಲಿಲ್ಲ. ಆಳಂದದಿಂದ ಕ್ಲಾಸಿಗೆ ಬರುವ ಒಬ್ಬ ಅಂಗನವಾಡಿ ಟೀಚರ್ ಇದ್ದಾರೆ. ಈ ಭಾನುವಾರ ಅವರ ಪಕ್ಕದಲ್ಲೇ ಕೂರುತ್ತೇನೆ.

ಸಿಸ್ಟರ್, ಒಂದು ಕೇಳಬೇಕಿತ್ತು. ಹಾಳೆಯನ್ನು ಪುಸ್ತಕದಿಂದ ಹರಿದುಕೊಳ್ಳುತ್ತೀರಾ?

ಸಿಸ್ಟರ್, ಯಾದಗಿರಿ

ಇಲ್ಲ ಅಕ್ಕಾ, ಜೆರಾಕ್ಸ್. ವಾರಕ್ಕೆ ಏಳು ಹಾಳೆ ಒಟ್ಟಿಗೆ ಮಾಡಿಸಿಬಿಡಿ. ಅಕ್ಷರ ಒಳಗೆ ಬರುವ ಹಾಗೆ ನಾಲ್ಕು ಮಡಿಕೆ ಮಾಡಿ, ಇಲ್ಲದಿದ್ದರೆ ಬೆವರಿಗೆ ಅಳಿಸುತ್ತದೆ.