ಅಪ್‌ಡೇಟ್: ತೊಗರಿ ಹೊಲದ ಡ್ರೋನ್ ಈಗ ನಿಂತಲ್ಲೇ ನಿಲ್ಲುತ್ತಿದೆ

ಎಲ್ಲರಿಗೂ ಶರಣು. ಆಳಂದ ಕಡೆ ತೊಗರಿಗೆ ಎಣ್ಣಿ (ಕೀಟನಾಶಕ) ಹೊಡೆಯುವ 10 ಲೀಟರ್ ಡ್ರೋನ್ ಒಂದೆಡೆ ನಿಲ್ಲದೆ ಸುತ್ತು ಹಾಕುತ್ತದೆ, ಸುತ್ತು ದೊಡ್ಡದಾಗುತ್ತಾ ಹೋಗುತ್ತದೆ, ಯಾಕೆ ಎಂದು ಕೇಳಿದ್ದೆ. ದೋಷ ಜಿಪಿಎಸ್‌ದಲ್ಲ, ದಿಕ್ಕು ಹೇಳುವ ಕಂಪಾಸಿನದು. ದಿಕ್ಕು ತಪ್ಪಿದರೆ ಡ್ರೋನ್ ತನ್ನ ಜಾಗಕ್ಕೆ ಮರಳಲು ಹೋಗಿ ಓರೆಯಾಗಿ ಸರಿಯುತ್ತದೆ, ಅದೇ ಸುತ್ತಾಗುತ್ತದೆ.

ಟ್ಯಾಂಕ್ ತುಂಬಿದಾಗ ಹೆಚ್ಚಾಗುತ್ತಿದ್ದುದೇ ಸುಳಿವು. ಭಾರ ಏರಿದಷ್ಟೂ ಮೋಟಾರು ಕರೆಂಟ್ ಎಳೆಯುತ್ತದೆ, ಬ್ಯಾಟರಿ ವೈರಿನ ಸುತ್ತ ಕಾಂತಕ್ಷೇತ್ರ ಬಲಿಯುತ್ತದೆ. ಕಂಪಾಸ್ ಇರುವ ಜಿಪಿಎಸ್ ಡಬ್ಬಿ ಆ ವೈರಿನಿಂದ ಬರೀ 6 ಸೆಂ.ಮೀ. ದೂರವಿತ್ತು. ಅದನ್ನು 18 ಸೆಂ.ಮೀ. ಕಾರ್ಬನ್ ಕೋಲಿನ ಮೇಲೆ ಏರಿಸಿ, ಕೆಂಪು-ಕಪ್ಪು ವೈರುಗಳನ್ನು ಹಗ್ಗದಂತೆ ಹೊಸೆದಾಯಿತು. ಎದುರುಬದುರು ಹರಿಯುವ ಕರೆಂಟಿನ ಕ್ಷೇತ್ರಗಳು ಬಹುಪಾಲು ಒಂದನ್ನೊಂದು ಅಳಿಸುತ್ತವೆ. ಕಬ್ಬಿಣದ ಸ್ಕ್ರೂ ತೆಗೆದು ನೈಲಾನ್ ಹಾಕಿದೆ. ಡ್ರೋನ್ ನಡೆಸುವ ಬೋರ್ಡಿನೊಳಗಿನ ಇನ್ನೊಂದು ಕಂಪಾಸ್ ಆಫ್.

ಡ್ರೋನನ್ನು ಬಿಗಿಯಾಗಿ ಕಟ್ಟಿ ಮಾಡಿದ ಆರ್ಡುಪೈಲಟ್‌ (ಡ್ರೋನ್ ಹಾರಿಸುವ ಸಾಫ್ಟ್‌ವೇರ್) ನ ಕಂಪಾಸ್‌ಮಾಟ್ ಪರೀಕ್ಷೆಯಲ್ಲಿ, ಮೋಟಾರು ಕರೆಂಟಿನಿಂದ ಕಂಪಾಸಿಗಾಗುವ ಅಡಚಣೆ ಶೇ. 68ರಿಂದ 14ಕ್ಕೆ ಇಳಿಯಿತು. ಶೇ. 30ರೊಳಗಿದ್ದರೆ ಹಾರಿಸಬಹುದು.

ಕಂಪಾಸ್ ಕ್ಯಾಲಿಬ್ರೇಶನ್ (ಡ್ರೋನ್ ತಿರುಗಿಸಿ ಕಂಪಾಸ್ ಸರಿಹೊಂದಿಸುವುದು) ಮಾತ್ರ ತಗಡಿನ ಶೆಡ್ಡು, ಟ್ರ್ಯಾಕ್ಟರ್ ಹತ್ತಿರ ಬೇಡವೇ ಬೇಡ. ಮೊಬೈಲ್ ಜೇಬಿನಿಂದ ತೆಗೆದಿಡಿ. ನಮ್ಮ ಕರಿಕಲ್ಲಿನಲ್ಲಿ ಮ್ಯಾಗ್ನೆಟೈಟ್ (ಕಾಂತಗುಣದ ಕಬ್ಬಿಣದ ಖನಿಜ) ಇರುವುದರಿಂದ ಬಂಡೆಯ ಮೇಲಿಟ್ಟು ತಿರುಗಿಸದೆ, ಇಬ್ಬರು ಎದೆಮಟ್ಟಕ್ಕೆ ಎತ್ತಿ ಆರೂ ಬದಿಗೆ ನಿಧಾನ ತಿರುಗಿಸಿ.