ಪದ ಬೇಕು: ಒಂದು ಇಲಿಮರಿಗೆ ಮೂವರು ತಾಯಂದಿರು

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಿಂದ ಬರೆಯುತ್ತಿದ್ದೇನೆ.

ಪ್ರಯೋಗಾಲಯದಲ್ಲಿ ಇಲಿ ಸಾಕುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಕೇಜ್ ತೊಳೆಯುವವರು, ಮರಿ ಎಣಿಸುವವರು, ತೂಕ ಬರೆದಿಡುವವರು ಓದಬೇಕಾದ ಪುಸ್ತಕ ಇದು. ಪದ ತಪ್ಪಿದರೆ ಮರಿ ತಪ್ಪು ಕೇಜಿಗೆ ಹೋಗುತ್ತದೆ. (ಕೇಜಿಗೆ ಮೊದಲು ‘ಬೋನು’ ಅಂತ ಬರೆದಿದ್ದೆ. ಇಲಿಬೋನು ಅಂದರೆ ಇಲಿ ಹಿಡಿಯೋದು ಅಲ್ವಾ? ಹಾಗಾಗಿ ಅವರು ಆಡುವ ಕೇಜ್ ಅನ್ನೇ ಉಳಿಸಿಕೊಂಡೆ.)

ತೊಡಕು ಶುರುವಾದದ್ದು ‘ಭ್ರೂಣ ವರ್ಗಾವಣೆ’ ಅನ್ನುವ ಅಧ್ಯಾಯದಲ್ಲಿ. ಪಶುವೈದ್ಯರು ಹಸುಗಳ ವಿಷಯದಲ್ಲಿ ಬಳಸುವ ಪದ ಇದು. ಕರಡನ್ನು ಪಕ್ಕದ ಮನೆಯವರಿಗೆ ಓದಲು ಕೊಟ್ಟೆ. ‘ಒಂದು ಇಲಿಯ ಹೊಟ್ಟೆ ಕೊಯ್ದು ಮರಿ ತೆಗೆದು ಇನ್ನೊಂದರ ಹೊಟ್ಟೆಗೆ ಹಾಕ್ತಾರಾ?’ ಅಂತ ಕೇಳಿದರು. ಅವರ ತಪ್ಪಿಲ್ಲ. ಭ್ರೂಣ ಅನ್ನುವ ಪದವನ್ನು ನಾವೆಲ್ಲ ಓದಿರುವುದು ಆಸ್ಪತ್ರೆ ಗೋಡೆಯ ಮೇಲೆ, ಭ್ರೂಣಲಿಂಗ ಪತ್ತೆ ಅಪರಾಧ ಅನ್ನುವ ಬೋರ್ಡಿನಲ್ಲಿ. ಅಲ್ಲಿ ಅದು ಕೈಕಾಲು ಮೂಡಿದ ಕೂಸು. ಇಲ್ಲಿ ಅದು ಎರಡೇ ಜೀವಕೋಶದ ಚುಕ್ಕಿ, ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಕೂದಲಿನಂಥ ಗಾಜಿನ ಕೊಳವೆಯಲ್ಲಿ ಹೀರಿಕೊಂಡು ಇನ್ನೊಂದು ಇಲಿಯ ಅಂಡನಾಳದೊಳಗೆ ಬಿಡುತ್ತಾರೆ.

‘ವರ್ಗಾವಣೆ’ಯ ಬದಲು ‘ನಾಟಿ’ ಹೇಗೆ ಅನ್ನಿಸಿತು. ಮಳೆಗಾಲದಲ್ಲಿ ನಮ್ಮ ಕಡೆ ಅಗೆ ಕಿತ್ತು ಗದ್ದೆಗೆ ನೆಡುವುದನ್ನು ನೋಡಿದವರಿಗೆ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಅಗೆ ಬಲಿತಿರಬೇಕು, ಗದ್ದೆಯೂ ಅದೇ ಹೊತ್ತಿಗೆ ಹದವಾಗಿರಬೇಕು. ಇಲಿಯಲ್ಲೂ ಇದೇ ಲೆಕ್ಕ. ಎರಡು ಕೋಶದ ಭ್ರೂಣವಾದರೆ, ಅದನ್ನು ಪಡೆಯುವ ಇಲಿ ಹಿಂದಿನ ರಾತ್ರಿ ಗಂಡಿನ ಜೊತೆ ಕೂಡಿದ್ದಿರಬೇಕು. ಮೂರೂವರೆ ದಿನದ ಭ್ರೂಣವನ್ನು ಎರಡೂವರೆ ದಿನದ ಗರ್ಭಕೋಶಕ್ಕೆ ಬಿಡುತ್ತಾರೆ. ಹೊರಗೆ ಇದ್ದು ಬಂದ ಭ್ರೂಣ ಸ್ವಲ್ಪ ಹಿಂದೆ ಬಿದ್ದಿರುತ್ತದೆ, ಅದಕ್ಕೇ ಗರ್ಭಕೋಶವೂ ಒಂದು ದಿನ ಎಳೆಯದಾಗಿದ್ದರೆ ಒಳ್ಳೆಯದು. ‘ಹದ’ ಅನ್ನುವ ಒಂದೇ ಪದ ಇದನ್ನೆಲ್ಲ ಹಿಡಿಯುತ್ತದೆ. ಆದರೆ ನಾಟಿ ಕೋಳಿ, ನಾಟಿ ತಳಿ ಅನ್ನುವಾಗ ಅರ್ಥವೇ ಬೇರೆ. ತಳಿಗಳ ಬಗ್ಗೆಯೇ ಇರುವ ಪುಸ್ತಕದಲ್ಲಿ ‘ನಾಟಿ ಮರಿ’ ಅಂತ ಬಂದರೆ ಕೆಟ್ಟೆವು. ಹಾಗಾಗಿ ‘ಭ್ರೂಣವನ್ನು ನೆಡುವುದು’ ಅಂತ ಕ್ರಿಯಾಪದವಾಗಿ ಮಾತ್ರ ಬಳಸಿದ್ದೇನೆ.

ಭ್ರೂಣ ಪಡೆಯುವ ಇಲಿಯನ್ನು ಹದಕ್ಕೆ ತರುವುದು ಹೀಗೆ. ವೀರ್ಯನಾಳ ಕತ್ತರಿಸಿದ ಗಂಡನ್ನು ಅದರ ಜೊತೆ ಬಿಡುತ್ತಾರೆ. ಬೆಳಿಗ್ಗೆ ಹೆಣ್ಣಿನ ಯೋನಿಯಲ್ಲಿ ಗಟ್ಟಿಯಾದ ಬಿಳಿ ಅಂಟು ಇದ್ದರೆ ಕೂಡಿದೆ ಅಂತ ಲೆಕ್ಕ. ಇದಕ್ಕೆ ‘ಬಿರಡೆ’ ಅಂತ ಬರೆದೆ, ಯಾರೂ ಅರ್ಥ ಕೇಳಲಿಲ್ಲ. ಆಮೇಲೆ ಆ ಹೆಣ್ಣಿನ ಮೈ ಬಸಿರಿಯ ಮೈಯಂತೆಯೇ ನಡೆದುಕೊಳ್ಳುತ್ತದೆ. ಭ್ರೂಣ ಸಿಗದಿದ್ದರೆ ಹತ್ತು ಹನ್ನೆರಡು ದಿನಕ್ಕೆ ಇಳಿದುಹೋಗುತ್ತದೆ. ಇದಕ್ಕೆ ‘ಹುಸಿಬಸಿರು’ ಅಂತ ಬರೆದಿದ್ದೇನೆ, ಆದರೆ ಸಮಾಧಾನವಿಲ್ಲ. ನಮ್ಮ ಅತ್ತೆ ಕಾವಿಗೆ ಕೂತ ಕೋಳಿಯ ಅಡಿಗೆ ಬಾತುಕೋಳಿ ಮೊಟ್ಟೆ ಇಡುತ್ತಿದ್ದರು. ಕತ್ತಲಾದ ಮೇಲೆ, ಕೋಳಿ ಗಲಾಟೆ ಮಾಡದ ಹಾಗೆ, ಒಂದೊಂದೇ ಮೊಟ್ಟೆಯನ್ನು ಅಂಗೈಯಲ್ಲಿ ಮುಚ್ಚಿ ಜಾರಿಸುತ್ತಿದ್ದರು. ಆ ಕೋಳಿಯ ಕಾವು ಹುಸಿಯಲ್ಲ. ಮೊಟ್ಟೆ ಮಾತ್ರ ಅದರದ್ದಲ್ಲ.

ಈಗ ನನ್ನ ಮುಖ್ಯ ಪ್ರಶ್ನೆ, ತಾಯಿಯ ಬಗ್ಗೆ. ಭ್ರೂಣ ಒಬ್ಬಳದ್ದು. ಹೊತ್ತು ಹೆರುವವಳು ಇನ್ನೊಬ್ಬಳು. ಎಷ್ಟೋ ಸಲ ಹಾಲು ಕೊಡುವವಳು ಮೂರನೆಯವಳು. ನೆಟ್ಟ ಭ್ರೂಣಗಳಲ್ಲಿ ಒಂದೋ ಎರಡೋ ಮಾತ್ರ ಉಳಿದರೆ ಹೊಟ್ಟೆಯಲ್ಲೇ ಮರಿ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ. ಆಗ ಹೊಟ್ಟೆ ಕೊಯ್ದು ಮರಿ ತೆಗೆದು, ಒಂದೆರಡು ದಿನದ ಹಿಂದೆ ಮರಿ ಹಾಕಿದ ಇಲಿಯ ಬಳಿ ಬಿಡುತ್ತಾರೆ. ಬಿಡುವ ಮುಂಚೆ ಆ ಇಲಿಯ ಗೂಡಿನ ಹೊಟ್ಟನ್ನು ಮರಿಗಳ ಮೈಗೆ ಸವರುತ್ತಾರೆ, ವಾಸನೆ ಒಂದಾಗಲಿ ಅಂತ. ಸ್ವಲ್ಪ ಹೊತ್ತಿಗೆ ಮರಿಯ ತೆಳು ಚರ್ಮದೊಳಗೆ ಹಾಲು ಬಿಳಿ ಮಚ್ಚೆಯಾಗಿ ಕಾಣುತ್ತದೆ. ಅದು ಕಂಡರೆ ಹಾಲೂಡಿದ್ದಾಳೆ ಅಂತ ನೆಮ್ಮದಿ. ಇದಕ್ಕೆ ‘ಹಾಲುಮಚ್ಚೆ’ ಅಂದಿದ್ದೇನೆ.

‘ಬಾಡಿಗೆ ತಾಯಿ’ ಅಂದರೆ ಹೊತ್ತವಳೋ, ಹಾಲು ಕೊಟ್ಟವಳೋ? ‘ಸಾಕುತಾಯಿ’ ಅಂದರೂ ಇದೇ ಗೊಂದಲ. ಮೂವರನ್ನು ಬೇರೆ ಬೇರೆ ಹೆಸರಿಸದಿದ್ದರೆ ಈ ಕೆಲಸದ ಅರ್ಥವೇ ಹೋಗುತ್ತದೆ. 1890ರಲ್ಲಿ ವಾಲ್ಟರ್ ಹೀಪ್ ಅನ್ನುವ ವಿಜ್ಞಾನಿ ಅಂಗೋರಾ ಮೊಲದ ಎರಡು ಭ್ರೂಣಗಳನ್ನು ಬೆಲ್ಜಿಯನ್ ತಳಿಯ ಮೊಲಕ್ಕೆ ನೆಟ್ಟಾಗ ಹುಟ್ಟಿದ ಆರು ಮರಿಗಳಲ್ಲಿ ಎರಡು ಅಂಗೋರಾ, ಉಳಿದ ನಾಲ್ಕು ಹೊತ್ತವಳ ಸ್ವಂತದ್ದು. ಹೊತ್ತವಳ ಗುರುತು ಅವುಗಳ ಮೇಲೆ ಇರಲಿಲ್ಲ. ಆದರೆ 1958ರಲ್ಲಿ ಆನ್ ಮೆಕ್‌ಲಾರೆನ್ ಮತ್ತು ಡೊನಾಲ್ಡ್ ಮಿಚಿ ಇಲಿಗಳಲ್ಲಿ ಬೇರೆಯದನ್ನೇ ತೋರಿಸಿದರು. ಸೊಂಟದ ಬೆನ್ನುಮಣಿ ಕೆಲವು ತಳಿಗಳಲ್ಲಿ ಹೆಚ್ಚಾಗಿ 5, ಕೆಲವುಗಳಲ್ಲಿ 6. ಭ್ರೂಣವನ್ನು ಬೇರೆ ತಳಿಯಲ್ಲಿ ನೆಟ್ಟಾಗ ಆ ಎಣಿಕೆ ಹೊತ್ತವಳ ಕಡೆಗೆ ವಾಲಿತು. ಮೈಬಣ್ಣ ಭ್ರೂಣ ಕೊಟ್ಟವಳದ್ದು, ಬೆನ್ನುಮಣಿಯಲ್ಲಿ ಹೊತ್ತವಳ ಪಾಲೂ ಇದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹುಟ್ಟಿದ ಮೇಲೆ ತೂಕ ಹಾಲಿನ ಮೇಲೆ ನಿಂತಿದೆ. ಹುಟ್ಟಿದಾಗ ಮರಿ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ ಅಷ್ಟೆ, ಕೂದಲಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತದೆ. 21 ದಿನಕ್ಕೆ ಹಾಲು ಬಿಡಿಸುವಾಗ ಸುಮಾರು 10 ಗ್ರಾಂ. ಒಂದೇ ಸೂಲಿನಲ್ಲಿ ಹನ್ನೆರಡು ಮರಿ ಇದ್ದರೆ ಒಂದೊಂದೂ ಸಣ್ಣ, ನಾಲ್ಕೇ ಇದ್ದರೆ ದುಂಡಗೆ. ಇದಕ್ಕೆ ‘ಮೈ ತುಂಬುವುದು’ ಅನ್ನುವ ನಮ್ಮ ಮಾತೇ ಸಾಕು, ‘ಬೆಳವಣಿಗೆ ದರ’ ಬೇಡ ಅನ್ನಿಸುತ್ತದೆ.

ಹೊತ್ತವಳಿಗೆ ‘ಹೊತ್ತತಾಯಿ’, ಹಾಲು ಕೊಟ್ಟವಳಿಗೆ ‘ಹಾಲುತಾಯಿ’ ಅಂತ ಬರೆದಿದ್ದೇನೆ. ಭ್ರೂಣ ಕೊಟ್ಟವಳಿಗೆ ಪದ ಸಿಕ್ಕಿಲ್ಲ. ‘ಹೆತ್ತತಾಯಿ’ ಆಗದು, ಅವಳು ಹೆತ್ತಿಲ್ಲ. ‘ಮೊಟ್ಟೆತಾಯಿ’ ಅಂದರೆ ಕೋಳಿ ನೆನಪಾಗುತ್ತದೆ. ‘ದಾನಿ’ ಅನ್ನಲು ಮನಸ್ಸು ಬರುವುದಿಲ್ಲ, ಭ್ರೂಣಕ್ಕಾಗಿ ಅವಳನ್ನು ಕೊಂದಿರುತ್ತಾರೆ, ಅವಳಾಗಿ ಏನನ್ನೂ ಕೊಟ್ಟಿಲ್ಲ. ಹಸು, ಕುರಿಗಳ ಜೊತೆ ಕೆಲಸ ಮಾಡುವವರು ಏನನ್ನುತ್ತೀರಿ? ನಿಮ್ಮ ಊರಿನಲ್ಲಿ ಆಡುಪದ ಇದ್ದರೆ ದಯವಿಟ್ಟು ತಿಳಿಸಿ. ಕೇಜಿಗೆ ಸಿಕ್ಕಿಸುವ ಚೀಟಿಯ ಮೇಲೆ ಬರೆಯಬೇಕು, ಬೆರಳುದ್ದದ ಜಾಗದಲ್ಲಿ ಹಿಡಿಸುವಷ್ಟು ಚಿಕ್ಕದಾಗಿದ್ದರೆ ಒಳ್ಳೆಯದು.