ಅಪ್‌ಡೇಟ್: ರೀಸೈಕಲ್ ಬಿನ್ ಈಗ ಎಡಪಟ್ಟಿಯಲ್ಲೇ ಸಿಗುತ್ತಿದೆ

ತೀರ್ಥಹಳ್ಳಿಯ ನಮ್ಮ ಅಡಿಕೆ ಮಂಡಿಯ ಕಂಪ್ಯೂಟರಿನಲ್ಲಿ ಅಳಿಸಿದ ಫೈಲ್ ಬೇಕಾದಾಗಲೆಲ್ಲ ಡೆಸ್ಕ್‌ಟಾಪಿಗೆ ಹೋಗಬೇಕಾಗುತ್ತದೆ, ಫೋಲ್ಡರ್‌ಗಳನ್ನು ತೆರೆದು ನೋಡುವ ಫೈಲ್ ಎಕ್ಸ್‌ಪ್ಲೋರರ್‌ನಲ್ಲೇ ರೀಸೈಕಲ್ ಬಿನ್ (ಅಳಿಸಿದ ಫೈಲ್‌ಗಳು ಸೇರುವ ಜಾಗ) ಕಾಣುವಂತೆ ಮಾಡಬಹುದೇ ಎಂದು ಕೇಳಿದ್ದೆ. ಮಾಡಬಹುದು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದಗಳು.

ನಮ್ಮದು ವಿಂಡೋಸ್ 10. ಮೊದಲು ಎಕ್ಸ್‌ಪ್ಲೋರರ್‌ನ ‘ವ್ಯೂ’ ಟ್ಯಾಬಿನ ‘ನ್ಯಾವಿಗೇಶನ್ ಪೇನ್’ನಲ್ಲಿ (ಎಡಪಟ್ಟಿಯ ಹೆಸರು ಇದು) ‘ಶೋ ಆಲ್ ಫೋಲ್ಡರ್ಸ್’ ಆರಿಸಿದೆ. ಬಿನ್ ಬಂದಿತು, ಜೊತೆಗೆ ಕಂಟ್ರೋಲ್ ಪ್ಯಾನೆಲ್ ಮುಂತಾದವೂ ಬಂದು ಪಟ್ಟಿ ಉದ್ದವಾಯಿತು, ನನಗೆ ಹಿಡಿಸಲಿಲ್ಲ. ಡೆಸ್ಕ್‌ಟಾಪಿನ ಬಿನ್ ಮೇಲೆ ಬಲ ಕ್ಲಿಕ್ ಮಾಡಿ ‘ಪಿನ್ ಟು ಕ್ವಿಕ್ ಆಕ್ಸೆಸ್’ ಒತ್ತುವ ದಾರಿಯೇ ಮೇಲು. ಬಿನ್ ಎಡಪಟ್ಟಿಗೆ ಬರುತ್ತದೆ, ಪಟ್ಟಿಯೂ ಚಿಕ್ಕದಾಗಿಯೇ ಉಳಿಯುತ್ತದೆ.

ನಿಜವಾದ ಲಾಭ ಸಿಕ್ಕಿದ್ದು ಬಿನ್ನಿನ ಒಳಗೆ. ‘ಡೀಟೇಲ್ಸ್’ ನೋಟದಲ್ಲಿ ‘ಡೇಟ್ ಡಿಲೀಟೆಡ್’ ಕಾಲಮ್ಮಿನ ತಲೆಯನ್ನು ಒತ್ತಿದರೆ ಅಳಿಸಿದ ದಿನಾಂಕದಂತೆ ಫೈಲ್‌ಗಳು ಸಾಲಾಗುತ್ತವೆ. ‘ಒರಿಜಿನಲ್ ಲೊಕೇಶನ್’ ನೋಡಿದರೆ ಫೈಲ್ ಬೆಟ್ಟೆಯ ಫೋಲ್ಡರಿನದೋ ಗೊರಬಲಿನದೋ (ಇವೆರಡೂ ಅಡಿಕೆಯ ಬಗೆಗಳು) ತಿಳಿಯುತ್ತದೆ. ಸುಗ್ಗಿಯಲ್ಲಿ ಬೆಳೆಗಾರರು ಎದುರಿಗೆ ಕುಳಿತು ಹಳೆಯ ಲಾಟಿನ ಲೆಕ್ಕ ಕೇಳುವಾಗ ಇದು ಎಷ್ಟು ದೊಡ್ಡ ನೆಮ್ಮದಿ ಎಂಬುದು ಮಂಡಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಪೆನ್‌ಡ್ರೈವ್‌ನಿಂದ ಅಳಿಸಿದ್ದು, ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ದು ಸಾಮಾನ್ಯವಾಗಿ ಬಿನ್‌ಗೆ ಬರುವುದಿಲ್ಲ. ಅದಕ್ಕಾಗಿ ಲೆಕ್ಕದ ಫೈಲ್‌ಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಲು ಆರಂಭಿಸಿದ್ದೇವೆ.